ಕರಿಕೆ ಬೆಳೆದ ಮನೆ

ನಮ್ಮ ಮನೆಯಿಂದ ಹೊರಗೆ ಹೋಗಬೇಕಾದರೆ ಟೆನಿಸ್ ಕೋರ್ಟನ್ನು ಸುತ್ತಿಕೊಂಡು ಹೋಗಬೇಕಿತ್ತು. ತಲೆಬಾಗಿಲು ತೆರೆದರೆ ಎದುರಿಗೇ ಹುಲ್ಲು. ಹುಲ್ಲಿನ ಸುತ್ತ ಆಳೆತ್ತರಕ್ಕೂ ಮೀರಿದ ಮೀನಿನ ಬಲೆ, ಬಲೆಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಅವುಗಳಾಚೆ ಸಿಂಧನೂರಿನ ರಸ್ತೆ. ಪಡಸಾಲೆಯಲ್ಲಿ ಕೂತು ನೋಡಿದರೆ ಬಸ್ಸು, ಟ್ರ್ಯಾಕ್ಟರು, ಆಟೋ ಎಲ್ಲವೂ ಬಲೆಯ ಕಣ್ಣುಗಳೊಳಗೇ ಹಾದು ಹೋಗುತ್ತಿದ್ದವು. ಗೊರೇಬಾಳದ ಉಳಿದ ಮನೆಗಳ ಮುಂದೆ ಎಮ್ಮೆ ಕಟ್ಟುವ ಗೂಟ, ಮೇವಿನ ಬಣವೆ, ಕಟ್ಟೆಯ ಮೇಲೆ ಹರಟುವ ನಾಲ್ಕು ಮಂದಿ ಇರುತ್ತಿದ್ದರು. ನಮ್ಮ ಮನೆಯ ಮುಂದೆ ಯಾರೂ ಕೂಡುತ್ತಿರಲಿಲ್ಲ. ಬಂದವರು ಗೇಟಿನ ಬಳಿಯೇ ಚಪ್ಪಲಿ ಬಿಟ್ಟು, ಬಲೆಯ ಹೊರಗಿನ ಸಣ್ಣ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದು ಪಡಸಾಲೆ ಮುಟ್ಟಬೇಕಿತ್ತು. ಒಮ್ಮೆ ಬಂದವರು ಎರಡನೇ ಸಲ ಬರಲು ಯೋಚನೆ ಮಾಡುತ್ತಿದ್ದರು.

ಆ ಕೋರ್ಟು ಅಪ್ಪನದು. ಹರೆಯದಲ್ಲಿ ಹೈದರಾಬಾದಿಗೆ ಓದಲು ಹೋದಾಗ ಅಪ್ಪ ಸಂಬಂಧಿಕರೊಬ್ಬರ ಮಾಳಿಗೆಯ ಮೇಲಿನ ಕೋಣೆಯಲ್ಲಿದ್ದ. ಆ ಮಾಳಿಗೆಯ ಕೆಳಗೆ ಶ್ರೀಮಂತರ ಕ್ಲಬ್ಬೊಂದರ ಹುಲ್ಲಿನ ಕೋರ್ಟುಗಳಿದ್ದವಂತೆ. ಪುಸ್ತಕ ನೋಡಿದ್ದಕ್ಕಿಂತ ಅದನ್ನು ನೋಡಿದ್ದೇ ಹೆಚ್ಚು ಎಂದು ಅವನೇ ಹೇಳುತ್ತಿದ್ದ. ಒಳಗೆ ಕಾಲಿಡಲು ಯಾರೂ ಬಿಡಲಿಲ್ಲ, ರಾಕೆಟ್ಟು ಕೈಗೆ ಸಿಗಲಿಲ್ಲ. ಆಟವನ್ನು ಕಣ್ಣಿನಿಂದಲೇ ಕಲಿತ. ಅಜ್ಜ ತೀರಿಕೊಂಡಾಗ ಓದು ಅರ್ಧಕ್ಕೆ ಬಿಟ್ಟು ಹೊಲ ನೋಡಿಕೊಳ್ಳಲು ಬಂದ, ಲಿಂಗಸೂಗೂರಿನ ಅವ್ವನನ್ನು ಮದುವೆಯಾದ, ಅಕ್ಕ ಗಿರಿಜಾ ಮತ್ತು ನಾನು, ನಾಗವೇಣಿ, ಹುಟ್ಟಿದೆವು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಒಂದು ಸುಗ್ಗಿಯ ನಂತರ ಅಪ್ಪ ಮನೆಯ ಮುಂದಿನ ಗದ್ದೆಗೆ ಭತ್ತ ಹಚ್ಚಲಿಲ್ಲ. ನೀರು ಬಸಿದು, ಮಣ್ಣು ಹದ ಮಾಡಿ, ಜೋಳ ಒಕ್ಕುವ ರೋಣಗಲ್ಲನ್ನು ಎತ್ತುಗಳಿಗೆ ಕಟ್ಟಿ ವಾರಗಟ್ಟಲೆ ಉರುಳಿಸಿ ನೆಲವನ್ನು ಹಲಗೆಯಂತೆ ಮಾಡಿದ. ಆಮೇಲೆ ಕೂಲಿ ಹೆಣ್ಣುಮಕ್ಕಳನ್ನು ಕರೆಸಿ ಕರಿಕೆ ನೆಡಿಸಿದ. ಕರಿಕೆ ಎಂದರೆ ಗರಿಕೆ ಹುಲ್ಲು, ನಮ್ಮ ಕಡೆಯ ರೈತರು ಬೇರು ಸಮೇತ ಅಗೆದು ಸುಡುವ ಕಳೆ. ಅದನ್ನು ಕೂಲಿ ಕೊಟ್ಟು ನೆಡಿಸುವವನನ್ನು ಊರು ಕಂಡಿರಲಿಲ್ಲ. ನೆಡಲು ಬಂದ ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕದ್ದು ನನಗೆ ನೆನಪಿದೆ.

“ಯಪ್ಪಾ, ಸಾವಕಾರ್ರಿಗೆ ಏನಾಗೈತ್ರೀ? ಇಷ್ಟು ವರ್ಷ ಕರಿಕಿ ಕೀಳಾಕ ಕರೀತಿದ್ರಿ, ಈಗ ಹಚ್ಚಾಕ ಕರಿಯಾಕತ್ತೀರಿ!”

ಅಪ್ಪ ನಗಲಿಲ್ಲ. ಅವನು ಆ ಹುಲ್ಲಿನ ವಿಷಯದಲ್ಲಿ ಎಂದೂ ನಗಲಿಲ್ಲ.

ನಮ್ಮ ದಿನ ಕತ್ತಲಿರುವಾಗಲೇ ಶುರುವಾಗುತ್ತಿತ್ತು. ಅಪ್ಪ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬಾಗಿಲ ಕದವನ್ನು ರಾಕೆಟ್ಟಿನ ಹಿಡಿಯಿಂದ ಬಡಿಯುತ್ತಿದ್ದ. ನಮ್ಮದು ಲಿಂಗ ಕಟ್ಟುವ ಮನೆತನ. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಲಿಂಗಪೂಜೆಯಾಗದೆ ನೀರು ಕೂಡ ಮುಟ್ಟಬಾರದೆಂಬ ಕಟ್ಟುನಿಟ್ಟಿನವಳು. ಹಾಗಾಗಿ ತಣ್ಣೀರು ಸುರಿದುಕೊಂಡು, ದೇವರ ಕೋಣೆಯಲ್ಲಿ ಆಯಿಯ ಪಕ್ಕ ಕೂತು ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದುಕೊಂಡು ಕೋರ್ಟಿಗೆ ಇಳಿಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಬೆವರು ವಿಭೂತಿಯನ್ನು ಕರಗಿಸಿ ಕಣ್ಣಿಗೆ ಇಳಿಸುತ್ತಿತ್ತು. ಉರಿಯುವ ಕಣ್ಣಲ್ಲಿ ಚೆಂಡು ನೋಡಬೇಕು. ಹುಲ್ಲಿನ ಮೇಲೆ ಚೆಂಡು ಪುಟಿದು ಏಳುವುದಿಲ್ಲ, ಜಾರಿಕೊಂಡು ಮೊಣಕಾಲ ಕೆಳಗೇ ಬರುತ್ತದೆ. ಆದ್ದರಿಂದ ಇಡೀ ಹೊತ್ತು ಬಗ್ಗಿಯೇ ಇರಬೇಕು. ಅಪ್ಪ ನೆಟ್ಟಿನ ಕಂಬದ ಹತ್ತಿರ ನಿಂತು, ಒಂದು ಬುಟ್ಟಿಯಿಂದ ಚೆಂಡು ತೆಗೆದು ಕೈಯಿಂದ ಎಸೆಯುತ್ತ, ಸಣ್ಣ ದನಿಯಲ್ಲಿ ತಪ್ಪು ಹೇಳುತ್ತಿದ್ದ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ತಪ್ಪಾದ ಹೊಡೆತವನ್ನು ಸರಿಯಾಗುವ ತನಕ ಮಾಡಿಸುತ್ತಿದ್ದ, ಅಷ್ಟೆ. ಶಾಲೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದರೂ ಸರಿಯಾಗುವ ತನಕ.

ಮನೆಯ ಊಟವೂ ಕೋರ್ಟಿನ ಹುಕುಂ ಕೇಳುತ್ತಿತ್ತು. ಎಲ್ಲರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಮಗಿಬ್ಬರಿಗೆ ಮೊಳಕೆ ಬಂದ ಹೆಸರು, ನೆನೆಸಿದ ಶೇಂಗಾ, ಬೆಲ್ಲ, ಹಾಲು. ಎಣ್ಣೆಯಲ್ಲಿ ಕರಿದದ್ದು ಬಾಯಿಗೆ ಸೋಕಬಾರದು. ಒಮ್ಮೆ ಅಪ್ಪ ಯಾರದೋ ಮಾತು ಕೇಳಿ ಮೊಟ್ಟೆ ತಂದುಬಿಟ್ಟ. ಆಯಿ ಆ ದಿನ ಒಲೆಗೆ ನೀರು ಸುರಿದು ದೇವರ ಕೋಣೆಯ ಬಾಗಿಲು ಹಾಕಿಕೊಂಡಳು. ಕೊನೆಗೆ ರಾಜಿಯಾಯಿತು: ಮೊಟ್ಟೆ ಗದ್ದೆಯಾಚೆಯ ಪಂಪ್‌ಸೆಟ್ ಮನೆಯಲ್ಲಿ ಬೇಯಬೇಕು, ಹುಲಿಗೆಮ್ಮ ಬೇಯಿಸಬೇಕು, ನಾವು ಅಲ್ಲಿಯೇ ತಿಂದು, ಕಾಲುವೆಯಲ್ಲಿ ಮುಳುಗಿ ಬಂದು ಮನೆ ಹೊಗಬೇಕು. ಚಳಿಗಾಲದಲ್ಲಿ ಒದ್ದೆ ಲಂಗದಲ್ಲಿ ನಡುಗುತ್ತ ಬದುವಿನ ಮೇಲೆ ಬರುವಾಗ ಅಕ್ಕ ಹೇಳುತ್ತಿದ್ದಳು: “ತತ್ತಿ ತಿಂದಿದ್ದು ಇಲ್ಲೇ ಕರಗಿ ಹೋತು ನೋಡಬೇ.” ಇಬ್ಬರೂ ನಗುತ್ತಿದ್ದೆವು. ಆ ಮನೆಯಲ್ಲಿ ನಮಗೆ ನಗಲು ಸಿಗುತ್ತಿದ್ದ ಜಾಗ ಆ ಬದು ಒಂದೇ.

ಅಪ್ಪನಿಗೂ ಆಯಿಗೂ ಹುಲ್ಲಿನ ಸಲುವಾಗಿಯೇ ಜಗಳ. ಆಯಿಗೆ ಪೂಜೆಗೆ ಕರಿಕೆ ಬೇಕು. ಮನೆಯ ಮುಂದೆ ಅಷ್ಟು ಕರಿಕೆ ಇಟ್ಟುಕೊಂಡು ಅವಳು ಕಾಲುವೆ ದಂಡೆಗೆ ಹೋಗಿ ಕಿತ್ತು ತರಬೇಕಿತ್ತು.

“ದೇವರಿಗೆ ನಾಕು ಕಡ್ಡಿ ಕರಿಕಿ ಕೊಡವಲ್ಲಿ. ನಿನ್ನ ಚೆಂಡಿಗೆ ಒಂದು ಗದ್ದಿ ಕರಿಕಿ ಬೇಕು. ಇದು ಯಾವ ನ್ಯಾಯ ಲೇ?”

“ಒಂದು ಕಡೆ ಕಿತ್ತರ ಅಲ್ಲಿ ಚೆಂಡು ದಿಕ್ಕು ತಪ್ಪಿ ಹೊಳ್ಳತೈತಿ ಯವ್ವಾ. ನಿನಗ ತಿಳಿಯಂಗಿಲ್ಲ.”

“ನಿನಗ ಮನಿ ತಿಳಿಯಂಗಿಲ್ಲ.”

ಅವ್ವ ಇಂಥ ಹೊತ್ತಿನಲ್ಲಿ ಎರಡೂ ಕಡೆ ಮಾತಾಡುತ್ತಿರಲಿಲ್ಲ. ಅವಳು ಮಾತು ಕಡಿಮೆಯ ಹೆಣ್ಣು. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು, ಅದೇ ಅವಳ ಇರುವಿಕೆ. ಅವಳು ಕೋರ್ಟಿನ ಮೇಲೆ ಕಾಲಿಟ್ಟದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಗದ್ದೆಗೆ ಬಿದ್ದು ಒದ್ದೆಯಾದ ಚೆಂಡುಗಳನ್ನು ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆಗಳ ಪಕ್ಕ ಒಣಹಾಕುವುದು ಮಾತ್ರ ಅವಳ ಪಾಲಿನ ಟೆನಿಸ್ ಆಗಿತ್ತು.

ನನಗೆ ಆ ಮನೆ ಉಸಿರು ಕಟ್ಟಿಸುತ್ತಿತ್ತು ಎಂಬುದನ್ನು ಆಗ ಹೇಳಲು ಬರುತ್ತಿರಲಿಲ್ಲ. ಪಂಚಮಿಯಲ್ಲಿ ಊರಿನ ಹುಡುಗಿಯರೆಲ್ಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಕೂಗುವುದು ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಬಿದ್ದರೆ ಮಣಿಕಟ್ಟು ಮುರಿಯುತ್ತದೆಂದು ನಮ್ಮನ್ನು ಬಿಡುತ್ತಿರಲಿಲ್ಲ. ಮದುವೆಗೆ ಹೋದರೆ ಅಭ್ಯಾಸ ತಪ್ಪುತ್ತದೆ, ಅವ್ವನ ತವರಿಗೆ ಹೋದರೆ ಊಟ ಕೆಡುತ್ತದೆ. ಶಾಲೆಯಲ್ಲಿ ಗೆಳತಿಯರಿಗೆ ನಮ್ಮ ಮನೆಯ ವಿಷಯ ಹೇಳಿದರೆ ಅವರಿಗೆ ಅದು ದೊಡ್ಡ ಭಾಗ್ಯ. ನಿಮ್ಮಪ್ಪ ಆಡಿಸ್ತಾರ, ನಮ್ಮಪ್ಪ ಶಾಲೀ ಬಿಡಿಸ್ತೀನಿ ಅಂತಾನ ಎನ್ನುತ್ತಿದ್ದರು. ಅದೂ ನಿಜವೇ. ಅದಕ್ಕೇ ನನಗೆ ಯಾರ ಮುಂದೆಯೂ ಅಳಲು ಬಾಯಿರಲಿಲ್ಲ. ಅಪ್ಪ ಕೆಟ್ಟವನಾಗಿದ್ದರೆ ಸಿಟ್ಟು ಮಾಡಬಹುದಿತ್ತು. ಜ್ವರ ಬಂದರೆ ಹಾಸಿಗೆಯ ಪಕ್ಕದಿಂದ ಏಳದೆ ಕೂತಿರುತ್ತಿದ್ದ, ಹಣೆಯ ಮೇಲಿನ ಬಟ್ಟೆ ತಾನೇ ಬದಲಿಸುತ್ತಿದ್ದ. ಜ್ವರ ಬಿಟ್ಟ ಮರುದಿನ ಕದ ಬಡಿಯುತ್ತಿದ್ದ.

ಅಕ್ಕ ನನ್ನ ಹಾಗಲ್ಲ. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಗಿಡ್ಡ, ಕಪ್ಪು, ಬಿಗಿ ಮೈಯವಳು. ಅವಳಿಗೆ ಆಟ ಬೇಕಾಗಿತ್ತು. ಸಂಜೆ ಮಾಳಿಗೆಯ ಮೇಲೆ ನಿಂತು ರಸ್ತೆಯ ಬಸ್ಸುಗಳನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದಳು. ಅದು ಮಸ್ಕಿಗೆ, ಅದು ಲಿಂಗಸೂಗೂರಿಗೆ, ಅದು ಜವಳಗೇರಾ ದಾಟಿ ರಾಯಚೂರಿಗೆ ಎನ್ನುತ್ತಿದ್ದಳು. ಆಟ ಅವಳಿಗೆ ಆ ಬಸ್ಸುಗಳಲ್ಲೊಂದು. ಆದರೆ ಅವಳು ದೊಡ್ಡವಳಾದ ವರ್ಷದಿಂದ ಪಾಮನಕಲ್ಲೂರಿನ ಅತ್ತೆ, ಅಪ್ಪನ ತಂಗಿ, ಬಂದಾಗಲೆಲ್ಲ ಅವಳ ಗಲ್ಲ ಹಿಡಿದು ನೋಡತೊಡಗಿದ್ದಳು. ಅತ್ತೆಯ ಮಗ ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಎಸ್ಸೆಸ್ಸೆಲ್ಸಿ ಆದ ಮೇಲೆ ಮಾತು ಮುಗಿಸೋಣ ಎಂದು ಅತ್ತೆ, ಆಯಿ ಇಬ್ಬರೂ ಲೆಕ್ಕ ಹಾಕಿಟ್ಟಿದ್ದರು. ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಾನು ಉದ್ದ ಬೆಳೆಯುತ್ತಿದ್ದೆ, ನನ್ನ ಕೈ ಉದ್ದವಿತ್ತು. ಅಪ್ಪನ ಕಣ್ಣು ಮೆಲ್ಲಗೆ ಅಕ್ಕನಿಂದ ನನ್ನ ಕಡೆ ಹೊರಳುತ್ತಿತ್ತು.

ಆ ವರ್ಷ ಭತ್ತ ಕೊಯ್ದ ಮೇಲೆ ಅಪ್ಪ ತನ್ನ ಕನಸಿನ ಕೆಲಸ ಮಾಡಿದ. ಸಿಂಧನೂರಿನ ದೈಹಿಕ ಶಿಕ್ಷಕರೊಬ್ಬರನ್ನು ಜೊತೆ ಮಾಡಿಕೊಂಡು, ಊರೂರು ತಿರುಗಿ, ಸುತ್ತಲಿನ ಜಿಲ್ಲೆಗಳ ಟೆನಿಸ್ ಆಡುವ ಮಕ್ಕಳನ್ನು ನಮ್ಮ ಮನೆಗೆ ಕರೆಸಿದ. ಹದಿನಾರರೊಳಗಿನವರ ಹುಲ್ಲಿನಂಗಳದ ಪಂದ್ಯಾವಳಿ. ಹುಲ್ಲಿನ ಕೋರ್ಟು ಯಾರೂ ನೋಡಿರಲಿಲ್ಲ, ಅದನ್ನು ನೋಡಲಿಕ್ಕಾದರೂ ಬಂದರು. ಬಳ್ಳಾರಿ, ಕೊಪ್ಪಳ, ಕಲಬುರಗಿ, ಹುಬ್ಬಳ್ಳಿಗಳಿಂದ ಬಿಳಿ ಬೂಟಿನ ಹುಡುಗ ಹುಡುಗಿಯರು, ಅವರ ಜೊತೆ ಅಪ್ಪ ಅಮ್ಮಂದಿರು. ಭತ್ತದ ಚೀಲ ಒಟ್ಟುವ ಗೋದಾಮು ತೊಳೆದು ಚಾಪೆ ಹಾಸಿದೆವು. ಅಂಗಳದ ಮೂಲೆಯಲ್ಲಿ ಕಲ್ಲಿನ ಒಲೆ ಹೂಡಿ ಅವ್ವ, ಹುಲಿಗೆಮ್ಮ ಹಂಡೆಗಟ್ಟಲೆ ಉಪ್ಪಿಟ್ಟು ಕಲಸಿದರು. ಬಲೆಯಾಚೆ, ಕೊಯ್ದ ಗದ್ದೆಯ ಹುಲ್ಲಿನ ಬಣವೆಗಳ ಮೇಲೆ ಊರಿನವರೆಲ್ಲ ಹತ್ತಿ ಕೂತರು. ಮೊದಲ ಸಲ ನಮ್ಮ ಮನೆಯ ಮುಂದೆ ಜನ.

ಬಂದ ಮಕ್ಕಳೆಲ್ಲ ಸಿಮೆಂಟು, ಕೆಂಪು ಮಣ್ಣಿನ ಮೇಲೆ ಆಡಿದವರು. ಇಬ್ಬನಿ ಆರಿದ ಮೇಲೆ ಆಟ ಶುರುವಾದರೂ ಹುಲ್ಲಿನ ಮೇಲೆ ಜಾರಿ ಬೀಳುತ್ತಿದ್ದರು. ಎಲ್ಲಿ ಪುಟಿಯಿತೆಂದು ಎತ್ತರಕ್ಕೆ ನೋಡುತ್ತಿರುವಾಗ ಚೆಂಡು ಅವರ ಪಾದದ ಪಕ್ಕ ಹರಿದು ಹೋಗಿರುತ್ತಿತ್ತು. ಬಳ್ಳಾರಿಯ ಒಬ್ಬ ಹುಡುಗಿ ನನ್ನೆದುರು ಸೋತು ಗೋದಾಮಿನ ಮೂಲೆಯಲ್ಲಿ ಅತ್ತಳು. ಅವಳ ಅಪ್ಪ ಅವಳನ್ನು ಎಬ್ಬಿಸಿ, ಸ್ಕೂಟರಿನಲ್ಲಿ ಸಿಂಧನೂರಿಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿಕೊಂಡು ಬಂದ. ಸಂಜೆ ಅವಳು ನಗುತ್ತಿದ್ದಳು. ಸೋತ ಮೇಲೆ ಹೀಗೂ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ಅವಳನ್ನು ಬಹಳ ಹೊತ್ತು ನೋಡಿದೆ.

ಹೆಣ್ಣುಮಕ್ಕಳ ಕೊನೆಯ ಪಂದ್ಯಕ್ಕೆ ನಾನು, ಅಕ್ಕ ಇಬ್ಬರೇ ಉಳಿದೆವು. ಅದನ್ನು ನೋಡಲು ದಕ್ಷಿಣದ ಕಡೆಯ ಒಂದು ಕ್ರೀಡಾ ಹಾಸ್ಟೆಲ್ಲಿನಿಂದ ಕೋಚ್ ಒಬ್ಬರು ಬರುವವರಿದ್ದರು. ಒಬ್ಬಳನ್ನು ಆರಿಸಿ ಕರೆದುಕೊಂಡು ಹೋಗುತ್ತಾರೆ, ಓದು, ಊಟ, ಆಟ ಎಲ್ಲ ಅಲ್ಲಿಯೇ ಎಂದು ಅಪ್ಪ ಹೇಳಿದ್ದ. ಹಿಂದಿನ ದಿನದ ಸಂಜೆ ನಾನು ಅಡುಗೆಮನೆಗೆ ಹೊಂದಿಕೊಂಡ ಸಾಮಾನಿನ ಕೋಣೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು, ಅಕ್ಕ ಒಲೆಯ ಮುಂದಿದ್ದಳು. ಅಪ್ಪ ಬಂದು ಹೊಸ್ತಿಲ ಮೇಲೆ ನಿಂತ.

“ಗಿರಿಜಾ, ನಾಳೆ ನಾಗವೇಣಿ ಗೆಲ್ಲಬೇಕು.”

ಅಕ್ಕ ಒಲೆಯಿಂದ ತಲೆಯೆತ್ತಿ ಅವನನ್ನು ನೋಡಿದಳು.

“ನಿನಗ ಹದಿನೈದು ತುಂಬ್ಯಾವ. ಅವರು ಸಣ್ಣವರನ್ನ ನೋಡ್ತಾರ. ಆಕಿಗೆ ಇನ್ನ ವರ್ಷ ಅದಾವ, ಎತ್ತರ ಅದಾಳ. ನೀ ಗೆದ್ದರ ಇಬ್ಬರಿಗೂ ಇಲ್ಲದಂಗ ಆಕ್ಕತಿ. ತಿಳೀತಿಲ್ಲೋ?”

“ಮತ್ತ ನಾನು, ಅಪ್ಪಾ?”

“ನಿನ್ನ ಅತ್ತಿ ಹೊರಗಿನಾಕಿ ಏನು? ಚಂದಂಗ ನೋಡಿಕೋತಾಳ.”

ರೊಟ್ಟಿ ತಟ್ಟುವ ಸದ್ದು ನಿಂತಿತು. ಅಪ್ಪ ಹೋದ ಮೇಲೂ ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಮತ್ತೆ ಶುರುವಾಯಿತು. ನಾನು ಇದ್ದಲ್ಲಿಯೇ ಇದ್ದೆ. ಅಕ್ಕ ಒಲೆಯೊಳಗೆ ಕಟ್ಟಿಗೆ ದೂಡುತ್ತಿದ್ದಳು, ಉರಿ ಸರಿಯಾಗಿಯೇ ಇತ್ತು, ಆದರೂ ದೂಡುತ್ತಿದ್ದಳು. ನನಗೆ ಅವಳ ಬಗ್ಗೆ ಮರುಕಕ್ಕಿಂತ ಮೊದಲು ನನ್ನ ಬಗ್ಗೆಯೇ ಅಂಜಿಕೆಯಾಯಿತು. ಗೆದ್ದರೆ ನನ್ನನ್ನು ಕಳಿಸುತ್ತಾರೆ. ಎಲ್ಲಿಗೆ? ಇಂಥದೇ ಇನ್ನೊಂದು ಬಲೆಯೊಳಗೆ. ಅಲ್ಲಿ ಬದು ಇಲ್ಲ, ಅಕ್ಕ ಇಲ್ಲ, ರೊಟ್ಟಿಯ ಸದ್ದಿಲ್ಲ. ಸೋತರೆ ಅಪ್ಪನ ಮುಖ. ಯಾವ ಕಡೆ ಹೊರಳಿದರೂ ನನಗೆ ದಾರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕೋಚ್ ಮೇಡಂ ಬಂದರು. ಕತ್ತರಿಸಿದ ಕೂದಲು, ನೀಲಿ ಟ್ರ್ಯಾಕ್‌ಸೂಟು, ನಡುವಯಸ್ಸಿನ ಹೆಂಗಸು. ಬೂಟು ಬಿಚ್ಚಿ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದು ನೋಡಿ, “ಇಷ್ಟು ಚೆನ್ನಾಗಿ ಯಾರು ಬೆಳೆಸಿದ್ದು?” ಎಂದು ಕೇಳಿದರು. ಅಪ್ಪನ ಮುಖ ಅರಳಿದ್ದನ್ನು ನಾನು ಅಂದು ಕಂಡೆ. ದೈಹಿಕ ಶಿಕ್ಷಕರು ಎತ್ತರದ ಸ್ಟೂಲಿನ ಮೇಲೆ ಕೂತು ಆಟ ಶುರು ಮಾಡಿಸಿದರು.

ಅಕ್ಕನ ಮೊದಲ ಸರ್ವಿಸ್ಸು ನೆಟ್ಟಿಗೆ ಹೋಯಿತು. ಎರಡನೆಯದೂ. ಮುಂದಿನ ಎರಡು ಗೆರೆಯಾಚೆ ಬಿದ್ದವು. ಅಕ್ಕ ಹಾಗೆ ಸರ್ವಿಸ್ಸು ಕೆಡಿಸುವವಳಲ್ಲ. ಅವಳ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಒಲೆಗೆ ಕಟ್ಟಿಗೆ ದೂಡುವಾಗಿನ ಮುಖವೇ. ಮೊದಲ ಗೇಮು ನನ್ನದಾಯಿತು. ನನ್ನ ಸರದಿ ಬಂದಾಗ ನನ್ನ ಕೈ ತಾನಾಗಿ ಚೆಂಡನ್ನು ನೆಟ್ಟಿಗೆ ಹೊಡೆಯಿತು. ಮತ್ತೆ ನೆಟ್ಟಿಗೆ. ಬೇಕೆಂದೇ ಮಾಡಿದೆ. ಅಕ್ಕ ತಲೆಯೆತ್ತಿ ನೋಡಿದಳು. ಅವಳಿಗೆ ತಿಳಿಯಿತು. ಅವಳು ಇನ್ನೂ ಕೆಟ್ಟದಾಗಿ ಆಡಿದಳು, ನಾನು ಅವಳಿಗಿಂತ ಕೆಟ್ಟದಾಗಿ. ಒಬ್ಬಳು ಚೆಂಡನ್ನು ಬಲೆಯಾಚೆ ಗದ್ದೆಗೆ ಹಾರಿಸಿದರೆ ಇನ್ನೊಬ್ಬಳು ಎದುರಿಗೆ ಬಂದ ಚೆಂಡನ್ನು ಮುಟ್ಟದೆ ನಿಲ್ಲುತ್ತಿದ್ದಳು. ಬಣವೆಗಳ ಮೇಲಿನ ಮಂದಿ ಮೊದಲು ನಕ್ಕರು.

“ಏನಲೇ, ಅಕ್ಕ ತಂಗಿ ಇಬ್ಬರಿಗೂ ಮುಂಜಾನಿ ಉಪ್ಪಿಟ್ಟು ಹಾಕಿಲ್ಲೇನು?”

ಆಮೇಲೆ ನಗು ನಿಂತಿತು. ಏನೋ ಸರಿಯಿಲ್ಲವೆಂದು ಅವರಿಗೂ ಗೊತ್ತಾಗಿತ್ತು. ದೈಹಿಕ ಶಿಕ್ಷಕರು ಅಂಕ ಕೂಗುವುದನ್ನು ಬಿಟ್ಟು ಅಪ್ಪನ ಕಡೆ ನೋಡಿದರು. ಕೋಚ್ ಮೇಡಂ ಕುರ್ಚಿಯಿಂದ ಎದ್ದು ನಿಂತರು. ಅಪ್ಪ ಕೋರ್ಟಿನೊಳಗೆ ಬಂದು ನನ್ನ ರಟ್ಟೆ ಹಿಡಿದ. ಅವನು ನನ್ನನ್ನು ಹಾಗೆ ಹಿಡಿದದ್ದು ಅದೇ ಮೊದಲು.

“ಆಡ್ತೀಯೋ ಇಲ್ಲೋ? ಮಂದಿ ನೋಡಾಕತ್ಯಾರ.”

ಅಷ್ಟರಲ್ಲಿ ಅಡುಗೆ ಮಾಡುವ ಮೂಲೆಯಿಂದ ಅವ್ವ ಬಂದಳು. ಬದುವಿನ ಮೇಲಿನಿಂದಲ್ಲ. ಬಲೆಯ ಬಾಗಿಲು ದೂಡಿ, ಚಪ್ಪಲಿ ಕಾಲಲ್ಲಿಯೇ ಹುಲ್ಲು ದಾಟಿ ನೇರ ಬಂದಳು. ಕೈಗೆ ಉಪ್ಪಿಟ್ಟಿನ ರವೆ ಹತ್ತಿತ್ತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಅಪ್ಪನ ಮುಖ ನೋಡದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಏನ್ರೀ, ನಿನ್ನೆ ಸಂಜೀಕ ಒಲಿ ಮುಂದ ನಿಂತು ಗಿರಿಜಾಗ ಹೇಳಿದ್ರಲ್ಲ, ಅದನ್ನ ಈಗ ಇವರ ಮುಂದೂ ಹೇಳ್ರಿ. ಹೇಳಾಕ ಬರತಿದ್ದರ ಹೇಳ್ರಿ. ಬರಲಿಲ್ಲಂದ್ರ ಹುಡುಗೀನ ಬಿಡ್ರಿ.”

ಅಪ್ಪ ಸುತ್ತ ನೋಡಿದ. ಬಣವೆಯ ಮೇಲಿನವರು, ಬಿಳಿ ಬೂಟಿನ ಮಕ್ಕಳು, ಕೋಚ್ ಮೇಡಂ, ಪಡಸಾಲೆಯಲ್ಲಿ ಕಂಬ ಹಿಡಿದು ನಿಂತ ಆಯಿ. ನನ್ನ ರಟ್ಟೆ ಬಿಟ್ಟ. ಬಲೆಯ ಹತ್ತಿರ ಹೋಗಿ, ಯಾರ ಕಡೆಯೂ ನೋಡದೆ ನೆಲದ ಮೇಲೆ ಕೂತುಬಿಟ್ಟ. ಅವ್ವ ಅಕ್ಕನ ಹತ್ತಿರ ಹೋಗಿ ಅವಳ ಹಣೆಯ ಬೆವರನ್ನು ಸೆರಗಿನಿಂದ ಒರೆಸಿ, ಅಷ್ಟೇ, ಬಂದ ದಾರಿಯಲ್ಲೇ ಒಲೆಯ ಕಡೆ ಹೋದಳು.

ಕೋಚ್ ಮೇಡಂ ನಮ್ಮಿಬ್ಬರನ್ನು ನೆಟ್ಟಿನ ಬಳಿ ಕರೆದರು.

“ಏನಾಗಿದೆ ಅಂತ ನಾನು ಕೇಳಲ್ಲ. ಮೊದಲಿನಿಂದ ಆಡ್ತೀರಾ? ಬೇಡ ಅಂದ್ರೆ ಬೇಡ, ಮನೆಗೆ ಹೋಗಿ.”

“ಆಡ್ತೀನ್ರೀ,” ಎಂದಳು ಅಕ್ಕ. ನನ್ನ ಕಡೆ ತಿರುಗಿ ಮೆಲ್ಲಗೆ, “ನೀ ಸುಳ್ಳುಸುಳ್ಳು ಆಡಿದಿ ಅಂದ್ರ ನಿನ್ನ ಜೋಡಿ ಮಾತು ಬಿಡ್ತೀನಿ ನೋಡು,” ಎಂದಳು.

ಆಡಿದೆವು. ಅಂದಿನ ಆ ಆಟವನ್ನು ನಾನು ಈಗಲೂ ಮೈಯಲ್ಲಿ ಇಟ್ಟುಕೊಂಡಿದ್ದೇನೆ. ನೆಟ್ಟಿನ ಕಂಬದ ಬಳಿ ಯಾರೂ ನಿಂತಿರಲಿಲ್ಲ. ತಪ್ಪಾದರೆ ತಪ್ಪು, ಅದನ್ನು ಮತ್ತೆ ಮಾಡಿ ತೋರಿಸಬೇಕಿರಲಿಲ್ಲ. ಅಕ್ಕ ಹುಚ್ಚು ಹಿಡಿದವಳಂತೆ ಓಡಿದಳು. ಕೆಳಗೆ ಹರಿದುಬರುವ ಚೆಂಡನ್ನು ಮೊಣಕಾಲು ಹುಲ್ಲಿಗೆ ತಾಗುವಂತೆ ಬಾಗಿ ಎತ್ತಿ, ನನ್ನ ಕೈಗೆ ನಿಲುಕದ ಮೂಲೆಗಳಿಗೆ ಇಡುತ್ತಿದ್ದಳು. ನಾನೂ ಬಿಡಲಿಲ್ಲ. ನನ್ನ ಉದ್ದ ಕೈಯಿಂದ ಕೆಲವು ಚೆಂಡುಗಳನ್ನು ಎಷ್ಟು ಸೊಗಸಾಗಿ ಹೊಡೆದೆನೆಂದರೆ ನನಗೇ ಬೆರಗಾಯಿತು. ನನಗೆ ಆಟದಲ್ಲಿ ಖುಷಿ ಇದೆಯೆಂಬುದು ಅಂದು ಮೊದಲ ಸಲ ತಿಳಿಯಿತು. ಅಷ್ಟು ವರ್ಷ ಅದು ಎಲ್ಲಿ ಅಡಗಿತ್ತೋ. ಅಕ್ಕ ಗೆದ್ದಳು, ಚೆನ್ನಾಗಿಯೇ ಗೆದ್ದಳು. ಬಣವೆಗಳ ಮೇಲಿಂದ ಊರಿನವರು ಸಿಳ್ಳೆ ಹಾಕಿದರು. ಹುಲಿಗೆಮ್ಮ ಸವುಟು ಹಿಡಿದೇ ಕುಣಿದಳು.

ಕೋಚ್ ಮೇಡಂ ಪಡಸಾಲೆಯಲ್ಲಿ ಕೂತು ಅಪ್ಪನಿಗೆ ನೇರವಾಗಿಯೇ ಹೇಳಿದರು:

“ದೊಡ್ಡವಳನ್ನು ಕಳಿಸಿ. ವಯಸ್ಸು ಒಂದೆರಡು ವರ್ಷ ಹೆಚ್ಚು, ಆದರೂ ನಾನು ನೋಡ್ಕೋತೀನಿ. ಆ ಹುಡುಗಿಗೆ ಆಟ ಬೇಕು. ಚಿಕ್ಕವಳಿಗೆ ಕೈ ಚೆನ್ನಾಗಿದೆ, ಆದರೆ ಅವಳಿಗೆ ಬೇಡ. ಕೇಳಿ ನೋಡಿದ್ದೀರಾ?”

ಅಪ್ಪ ನನ್ನ ಕಡೆ ನೋಡಿದ. ಕೇಳಲಿಲ್ಲ. ಆಯಿ ಒಳಗಿನಿಂದ ಮಾತು ಕೊಟ್ಟಾಗಿದೆ, ಪಾಮನಕಲ್ಲೂರಿನವರಿಗೆ ಏನು ಹೇಳುವುದು ಎಂದು ಗೊಣಗಿದಳು. ಅವ್ವ ಚಹಾದ ತಟ್ಟೆ ಇಡುತ್ತ, “ನಾ ಹೇಳ್ತೀನಿ,” ಎಂದಳು. ಅಪ್ಪ ಚಹಾ ಕುಡಿದು ಮುಗಿಸಿ, “ಹೋಗಲಿ,” ಎಂದ.

ಪರೀಕ್ಷೆ ಮುಗಿಸಿಕೊಂಡು ಅಕ್ಕ ಹೊರಟಳು. ನಾವೆಲ್ಲ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ಹೋದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕ ಅಪ್ಪನ ಎದುರಿಗೇ ಮಿರ್ಚಿ ಭಜಿ ಕೊಂಡು, ಅರ್ಧ ನನ್ನ ಕೈಗಿಟ್ಟು, ತುಟಿಗೆಲ್ಲ ಎಣ್ಣೆ ಮಾಡಿಕೊಂಡು ತಿಂದಳು. ಅಪ್ಪ ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ನಗುತ್ತಿದ್ದಳು. ಅವಳ ಸಲುವಾಗಿ ನನಗೆ ಹಿಗ್ಗಾಗಬೇಕಿತ್ತು, ಆಯಿತು ಕೂಡ. ಆದರೆ ಆಟೋದಲ್ಲಿ ಗೊರೇಬಾಳಕ್ಕೆ ಮರಳುವಾಗ ನನಗೆ ಹೊಳೆದದ್ದು ಬೇರೆ. ಇನ್ನು ಆ ಬಲೆಯೊಳಗೆ ನಾನೊಬ್ಬಳೇ. ಅಕ್ಕ ಇದ್ದಾಗ ಇಬ್ಬರ ಮೇಲೆ ಹಂಚಿಹೋಗುತ್ತಿದ್ದ ಅಪ್ಪನ ಇಡೀ ಆಸೆ ಇನ್ನು ನನ್ನೊಬ್ಬಳ ಮೇಲೆ ಕೂಡುತ್ತದೆ. ಅಂದು ಸಂಜೆ ಅವ್ವ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು, ನಾನು ಅದನ್ನು ಮುರಿದು ಮುರಿದು ಹಾಗೇ ಇಟ್ಟೆ.

ಮರುದಿನ ಬೆಳಿಗ್ಗೆ ಕದ ಬಡಿದ ಸದ್ದಾಯಿತು. ಎದ್ದೆ. ತಣ್ಣೀರು, ಪೂಜೆ, ವಿಭೂತಿ. ಕೋರ್ಟಿಗೆ ಇಳಿದಾಗ ಅಪ್ಪ ನೆಟ್ಟಿನ ಕಂಬದ ಬಳಿ ಇರಲಿಲ್ಲ. ಆಚೆಯ ಗೆರೆಯ ಹಿಂದೆ, ಅಕ್ಕ ನಿಲ್ಲುತ್ತಿದ್ದ ಕಡೆ, ಧೋತರ ಮೇಲೆ ಕಟ್ಟಿ, ಅವಳು ಬಿಟ್ಟುಹೋದ ಹಳೆಯ ರಾಕೆಟ್ಟು ಹಿಡಿದು ನಿಂತಿದ್ದ.

“ಹೊಡಿ,” ಎಂದ. “ಎದುರಿಗೆ ಯಾರರ ಬೇಕಲ್ಲ.”

ನಾನು ಮೆತ್ತಗೆ ಒಂದು ಚೆಂಡು ಕಳಿಸಿದೆ. ಅಪ್ಪ ಬೀಸಿದ, ಚೆಂಡು ರಾಕೆಟ್ಟಿನ ಕೆಳಗೆ ಹಾದುಹೋಯಿತು. ಎರಡನೆಯದು ರಾಕೆಟ್ಟಿನ ಅಂಚಿಗೆ ಬಡಿದು ಪಕ್ಕಕ್ಕೆ ಹಾರಿತು. ಮೂರನೆಯದಕ್ಕೆ ಓಡಿ ಬಂದು ಜಾರಿ ಕೂತ. ಅಷ್ಟು ವರ್ಷ ನಮ್ಮ ಒಂದೊಂದು ಹೊಡೆತದ ತಪ್ಪು ಹೇಳಿದವನಿಗೆ ಒಂದು ಚೆಂಡನ್ನೂ ನೆಟ್ಟಿನ ಈಚೆ ಕಳಿಸಲು ಬರುತ್ತಿರಲಿಲ್ಲ. ಅವನು ಎದ್ದ, ಧೋತರಕ್ಕೆ ಹತ್ತಿದ ಹುಲ್ಲು ಜಾಡಿಸಿಕೊಂಡ, ಮತ್ತೆ ನಿಂತ. ಹಣೆಯ ವಿಭೂತಿ ಕರಗಿ ಅವನ ಕಣ್ಣಿಗಿಳಿದಿತ್ತು. ಅವನು ಕಣ್ಣುಜ್ಜುತ್ತ ನನ್ನ ಕಡೆ ನೋಡಿದ. ನನಗೆ ನಗು ಬರಲಿಲ್ಲ. ಅಂಜಿಕೆಯೂ ಬರಲಿಲ್ಲ. ನಾನು ನೆಟ್ಟಿನ ಹತ್ತಿರಕ್ಕೆ ಬಂದು, ಅವನ ರಾಕೆಟ್ಟಿಗೆ ತಾಗುವ ಹಾಗೆ ಚೆಂಡುಗಳನ್ನು ಕೊಟ್ಟೆ. ಸುಮಾರು ಹೊತ್ತಿನ ಮೇಲೆ ಒಂದು ಚೆಂಡು ನೆಟ್ಟಿನ ಮೇಲೆ ಹಾದು ನನ್ನ ಕಡೆ ಬಂತು. ಅಪ್ಪ ಬಾಯಿ ತೆರೆದು ಅದನ್ನೇ ನೋಡುತ್ತ ನಿಂತ.

“ಅಪ್ಪಾ,” ಎಂದೆ. “ನಾ ಸಂಜೀಕ ಬಂದು ಆಡ್ತೀನಿ. ಮುಂಜಾನೆ ಬ್ಯಾಡ್ರಿ. ನನಗ ನಿದ್ದಿ ಬೇಕು.”

ಇದನ್ನು ಹೇಳಬೇಕೆಂದು ನಾನು ಮೊದಲೇ ಯೋಚಿಸಿದ್ದಲ್ಲ. ಅಪ್ಪ ಏದುಸಿರು ಇಳಿಯಲೆಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

“ನಾಳಿಂದ?” ಎಂದು ಕೇಳಿದ.

“ಇವತ್ತಿಂದ.”

ಅವನು ತಲೆಯಾಡಿಸಿದ.

ನಾನು ಒಳಗೆ ಹೋಗಿ ಅವ್ವನ ಹಾಸಿಗೆಯಲ್ಲಿ, ಅವಳು ಎದ್ದುಹೋದ ಬೆಚ್ಚನೆಯ ಜಾಗದಲ್ಲಿ ಮಲಗಿದೆ. ಮುಂದೆ ನಾಲ್ಕೈದು ವರ್ಷ ಸಂಜೆ ಆಡಿದೆ, ಕಾಲೇಜಿಗೆ ಹೋಗುವಾಗ ಬಿಟ್ಟೆ. ಈಗ ಲಿಂಗಸೂಗೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಅಕ್ಕ ದೂರದ ಊರಿನಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುತ್ತಾಳೆ. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಮಾತ್ರ, ಅಷ್ಟು ಬೇಕಾಗಿದ್ದ ನಿದ್ದೆ ನನಗೆ ಬರಲಿಲ್ಲ. ಹೊರಗೆ ಅಪ್ಪ ಗೋದಾಮಿನ ಗೋಡೆಗೆ ಚೆಂಡು ಹೊಡೆಯುವುದು ಕೇಳುತ್ತಿತ್ತು. ಎರಡು ಸಲ ಧಪ್ ಧಪ್ ಎನ್ನುವುದು, ಆಮೇಲೆ ನಿಶ್ಶಬ್ದ. ಚೆಂಡು ಹುಡುಕಲು ಹೋಗಿರುತ್ತಿದ್ದ. ಸ್ವಲ್ಪ ತಡೆದು ಮತ್ತೆ ಧಪ್ ಎನ್ನುತ್ತಿತ್ತು. ನಾನು ಮುಸುಕು ಎಳೆದುಕೊಂಡು, ಈ ಸಲವಾದರೂ ಮೂರನೆಯದು ತಾಗಲಿ ಎಂದು ಕಾಯುತ್ತ ಮಲಗಿದ್ದೆ.